ಲ್ಯಾಟಿಟ್ಯೂಡ್ ಯಾವುದು, ಲಾಂಗಿಟ್ಯೂಡ್ ಯಾವುದು? ಗೊಂದಲ ಬಿಡಿಸೋದು ಹೀಗೆ

ನಮ್ಮ ಚಿಕ್ಕಪ್ಪ ಉಪನಯನದ ಕಾಗದದಲ್ಲಿ ಮನೆಯ ಲೊಕೇಶನ್ ನಂಬರ್ ಹಾಕಿಸಿದ್ದರು. ಶಿವಮೊಗ್ಗದ ಪಕ್ಕದ ಊರು, ಅಂದರೆ ಸುಮಾರು 13.9, 75.6. ಅವರು ತಿರುಗಾಮುರುಗಾ ಬರೆದಿದ್ದರು, ಮ್ಯಾಪ್ ನೆಂಟರನ್ನೆಲ್ಲ ನಾರ್ವೆಯ ಆಚೆಗಿನ ಹಿಮದ ಸಮುದ್ರಕ್ಕೆ ಕರೆಯಿತು!

ಮೊದಲು ಲ್ಯಾಟಿಟ್ಯೂಡ್, ಆಮೇಲೆ ಲಾಂಗಿಟ್ಯೂಡ್. ಕರ್ನಾಟಕದಲ್ಲಿ ಮೊದಲನೆಯದು 11ರಿಂದ 19ರ ಒಳಗೆ, ಎರಡನೆಯದು 74ರಿಂದ 79ರ ಒಳಗೆ. ಅಂದರೆ ಚಿಕ್ಕ ಸಂಖ್ಯೆ ಮೊದಲು ಬರಬೇಕು, ಅಷ್ಟೇ. ಚುಕ್ಕೆಯ ನಂತರ ನಾಲ್ಕು ಅಂಕಿಯಾದರೂ ಇರಲಿ, ಆಗ ಸುಮಾರು 11 ಮೀಟರ್ ಒಳಗೆ ಜಾಗ ಸಿಗುತ್ತದೆ.

ಶಾಲೆಯಲ್ಲಿ ಅಕ್ಷಾಂಶ, ರೇಖಾಂಶ ಅಂತ ಬಾಯಿಪಾಠ ಮಾಡಿದ್ದೆವು, ಆದರೂ ಮರೆಯುತ್ತೆ ಅಲ್ವಾ? ಪದದ ಹುಟ್ಟು ನೋಡಿ. ಲ್ಯಾಟಿನ್‌ನಲ್ಲಿ 'ಲಾಟುಸ್' ಅಂದರೆ ಅಗಲ, 'ಲಾಂಗುಸ್' ಅಂದರೆ ಉದ್ದ. ಹಳೇ ಕಾಲದ ಗ್ರೀಕರು, ರೋಮನ್ನರು ಕಂಡಿದ್ದ ಜಗತ್ತು ಮೆಡಿಟರೇನಿಯನ್ ಸುತ್ತಮುತ್ತ, ಪೂರ್ವ-ಪಶ್ಚಿಮಕ್ಕೆ ಉದ್ದ, ದಕ್ಷಿಣೋತ್ತರಕ್ಕೆ ಕಿರಿದು, ಕಣಿವೆಯಲ್ಲಿ ಹಬ್ಬಿದ ನಮ್ಮ ಅಡಿಕೆ ತೋಟದ ಹಾಗೆ. ಉದ್ದ ಅಳೆದದ್ದು ಲಾಂಗಿಟ್ಯೂಡ್, ಅಗಲ ಅಳೆದದ್ದು ಲ್ಯಾಟಿಟ್ಯೂಡ್.

ನಕ್ಷೆಯಲ್ಲಿ ಲ್ಯಾಟಿಟ್ಯೂಡ್ ಗೆರೆ ಅಡ್ಡ ಇದೆಯಲ್ಲ, ಮತ್ತೆ ಉತ್ತರಕ್ಕೆ ಹೇಗೆ ಅಳೆಯೋದು ಅಂತೀರಾ? ಮನೆಯಿಂದ ತೋಟಕ್ಕೆ ಇಳಿಯುವ ಮೆಟ್ಟಿಲು ನೆನಪಿಸಿಕೊಳ್ಳಿ. ಮೆಟ್ಟಿಲು ಅಡ್ಡ ಇರುತ್ತೆ, ನಾವು ಎಣಿಸೋದು ಹತ್ತುತ್ತಾ ಇಳಿಯುತ್ತಾ. ಲ್ಯಾಟಿಟ್ಯೂಡಿನ ಒಂದು ಡಿಗ್ರಿ ಅಂದರೆ ಒಂದು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೆ ಸುಮಾರು 111 ಕಿಲೋಮೀಟರ್.

ಇದರ ಜೊತೆಯದೇ ಆಲ್ಟಿಟ್ಯೂಡ್. 'ಆಲ್ಟುಸ್' ಅಂದರೆ ಎತ್ತರವೂ ಹೌದು, ಆಳವೂ ಹೌದು. ಜೋಗದ 253 ಮೀಟರನ್ನು ಮೇಲಿಂದ ನೋಡಿದರೂ ಕೆಳಗಿಂದ ನೋಡಿದರೂ ರೋಮನ್ನರಿಗೆ ಒಂದೇ ಪದ ಸಾಕಿತ್ತು. 'ಲ್ಯಾಟರಲ್' ಮಾತ್ರ ಬೇರೆ, ಅದು ಪಕ್ಕ ಅನ್ನುವ ಅರ್ಥದ ಇನ್ನೊಂದು 'ಲಾಟುಸ್'ನಿಂದ ಬಂದದ್ದು. ಇನ್ನು ಇಂಗ್ಲಿಷಿನವರು ಕೆಲಸದಲ್ಲಿ ಲ್ಯಾಟಿಟ್ಯೂಡ್ ಕೊಟ್ಟರು ಅಂದರೆ ಕೈಕಾಲು ಆಡಿಸೋಕೆ ಜಾಗ ಬಿಟ್ಟರು ಅಂತ. ಅಲ್ಲೂ ಅದೇ ಅಗಲ.

ಫೋನ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. ರಾತ್ರಿ ಉತ್ತರಕ್ಕೆ ತಿರುಗಿ, ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಭೂಮಿಯ ಅಂಚಿನಿಂದ ಹೆಚ್ಚುಕಮ್ಮಿ ಒಂದೂವರೆ ಮುಷ್ಟಿ ಮೇಲೆ ಧ್ರುವ ನಕ್ಷತ್ರ ಸಿಗಬೇಕು, ಅದರ ಎತ್ತರವೇ ನಿಮ್ಮ ಲ್ಯಾಟಿಟ್ಯೂಡ್. ಆಗುಂಬೆ ಕಡೆಯವರು ಮಾತ್ರ ಸುಮ್ನೆ ಅಂಗಳದಲ್ಲಿ ನಿಂತು ಹುಡುಕಬೇಡಿ, ಎದುರಿನ ಗುಡ್ಡವೇ ಎರಡು ಮುಷ್ಟಿ ಇರುತ್ತೆ. ಮಳೆಗಾಲ ಮುಗಿದ ಮೇಲೆ ಬಯಲು ಗದ್ದೆಗೆ ಹೋಗಿ ನೋಡಿ.