ಫ್ರೀಡಂ ಪಾರ್ಕಿನ ಬ್ಯಾರಕ್ಕಿನಲ್ಲಿ 12 ಹಳೇ ಫೋನು

ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ ಉಳಿಯಿತು, ಬ್ಯಾರಕ್ ಉಳಿಯಿತು. ತುರ್ತು ಪರಿಸ್ಥಿತಿಯಲ್ಲಿ ಒಳಗಿದ್ದವರ ಮಾತು ಅಲ್ಲಿ ಕೇಳಬೇಕು ಅಂತ ನಾನು ಹೊರಟಾಗ "ವಾಕಿಂಗ್ ಬರೋರು ಇದನ್ನೆಲ್ಲ ಕೇಳ್ತಾರಾ ಸಾರ್?" ಅಂದವರೇ ಜಾಸ್ತಿ. ಈಗ ಭಾನುವಾರ ಬೆಳಿಗ್ಗೆ ಫೋನಿಗಾಗಿ ಸಾಲು ನಿಲ್ಲುತ್ತಾರೆ.

ಮೊದಲು ಫ್ಲೆಕ್ಸ್ ಹಾಕಿದೆ. ಸುಮಾರು 18 ಸಾವಿರ ಹೋಯಿತು. ವಾಜಪೇಯಿ, ಅಡ್ವಾಣಿ 1975ರ ಜೂನ್ 26ರಂದು ಬೆಂಗಳೂರಲ್ಲೇ ಬಂಧನವಾದದ್ದನ್ನು ದೊಡ್ಡದಾಗಿ ಬರೆಸಿದ್ದೆ. ಜನ ಸೆಲ್ಫಿ ತೆಗೆದುಕೊಂಡು ಹೋದರು, ಅಷ್ಟೇ. ಆಮೇಲೆ ಸ್ಪೀಕರ್ ಬಾಡಿಗೆಗೆ ತಂದೆ, ದಿನಕ್ಕೆ ಎರಡೂವರೆ ಸಾವಿರ. ಊರಿನ ಪ್ರತಿಭಟನೆಗಳೆಲ್ಲ ನಡೆಯುವುದೂ ಇಲ್ಲೇ ಅಲ್ವಾ? ಅವರ ಮೈಕಿನ ಮುಂದೆ ನಮ್ಮ ಹಿರಿಯರ ದನಿ ಕೇಳಿಸಲೇ ಇಲ್ಲ. ಸ್ವಲ್ಪ ನಿಲ್ಲಿಸಿ ಅನ್ನಲು ನನಗೆ ಬಾಯಿ ಬರಲಿಲ್ಲ. ಈ ಜಾಗದಲ್ಲಿ ಯಾರ ಬಾಯಿಯನ್ನೂ ಮುಚ್ಚಿಸಬಾರದು.

ಕೊನೆಗೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಎಸ್.ಪಿ. ರೋಡಿನಿಂದ 12 ಹಳೇ ಕೀಪ್ಯಾಡ್ ಫೋನು ತಂದೆ. ಒಂದಕ್ಕೆ 500 ರೂಪಾಯಿ ಇರಬಹುದು. ಒಂದೊಂದರಲ್ಲಿ ಒಬ್ಬೊಬ್ಬರ ಎರಡು ನಿಮಿಷದ ಮಾತು. ಕಿವಿಗೆ ಹಿಡಿದರೆ ನಿಮಗೊಬ್ಬರಿಗೇ ಹೇಳಿದ ಹಾಗೆ ಇರುತ್ತದೆ. ಮೊದಲ ಫೋನು ಯಾರ ಕೈಗೆ, ಯಾವ ದನಿಯದ್ದು ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ತುರ್ತು ಪರಿಸ್ಥಿತಿಯಲ್ಲಿ ಇಲ್ಲಿ ಬಂಧಿಯಾಗಿದ್ದ, 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿಯವರ ಮಾತನ್ನು ಒಬ್ಬ ನಟಿಯಿಂದ ಓದಿಸಿ ನೋಡಿದೆ. ಚೆನ್ನಾಗಿಯೇ ಓದಿದರು, ಆದರೆ ನಾಟಕವಾಯಿತು. ತೆಗೆದುಹಾಕಿದೆ. ಈಗ ನಾನೇ ನಿಂತು ಹೇಳುತ್ತೇನೆ: 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಕೇಸೆಂದು, ಅಂದರೆ ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರೆಂಬ ಆರೋಪದ ಮೇಲೆ, ಹಿಡಿದರು. ಕೊನೆಯ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆಸ್ತಮಾ ಇದ್ದವರನ್ನು ಎಂಟು ತಿಂಗಳು ಒಳಗಿಟ್ಟರು. ರಾತ್ರಿಯ ಮೌನದಲ್ಲಿ ಅವರ ಚೀರಾಟ ಕೇಳುತ್ತಿತ್ತೆಂದು ಇದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ನೆನೆದಿದ್ದಾರೆ. 1977ರ ಜನವರಿ 15ಕ್ಕೆ ಪೆರೋಲ್, 20ಕ್ಕೆ ಸಾವು. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಪ್ರತಿ ಸಲವೂ ಕಟ್ಟುತ್ತದೆ.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ. "ನಮ್ಮಪ್ಪನೂ ಇಲ್ಲಿದ್ದರು, ಯಾವ ಪಟ್ಟಿಯಲ್ಲೂ ಇಲ್ಲ" ಅಂತ ಬರೆದು ಹೋದವರೇ ಮೂವತ್ತರ ಮೇಲಿದ್ದಾರೆ. ಒಂದೊಂದು ಮನೆಗೂ ಹೋಗುತ್ತಿದ್ದೇನೆ. ಶಿವಮೊಗ್ಗ ಕಡೆ ಒಬ್ಬರಿದ್ದಾರಂತೆ, ವಯಸ್ಸು 86, ಕಿವಿ ಮಂದ. ಶುಕ್ರವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.