ಮಾಂಗೂರ್ ಬಿಡದೆ ಜಿಲೇಬಿ ಮೀನು ತಗ್ಗಿಸಿದ್ದು: ನನ್ನ ಅನುಭವ

ಹೊಂಡದಲ್ಲಿ ಜಿಲೇಬಿ ಮೀನು (ತಿಲಾಪಿಯಾ) ತಗ್ಗಬೇಕಾದರೆ ಅದನ್ನು ತಿನ್ನುವ ಮಾಂಗೂರ್, ಅಂದರೆ ಆಫ್ರಿಕಾದ ಕ್ಯಾಟ್‌ಫಿಶ್, ಬಿಡಲೇಬೇಕು ಅಂತ ಇಲ್ಲಿ ಪುಣೆ ಜಿಲ್ಲೆಯ ಭಿಗವಣದಲ್ಲಿ ಎಲ್ಲರೂ ಹೇಳಿದ್ದರು. ನಾನು ಅದರ ಬದಲು ಹೊಂಡಕ್ಕೆ ಕೊರಮೀನು (ಮರೆಲ್) ಬಿಟ್ಟೆ, ಅದೂ ಜಿಲೇಬಿ ಮರಿ ತಿನ್ನುತ್ತದೆ. ಈ ವರ್ಷ ನನ್ನ 20 ಗುಂಟೆ ಹೊಂಡದಲ್ಲಿ ರೋಹು, ಕಟ್ಲಾ ಎರಡೂ ತೂಕಕ್ಕೆ ಬಂದಿವೆ.

ಉಜನಿ ಅಣೆಕಟ್ಟಿನ ಹಿನ್ನೀರಿನಿಂದ ಪಂಪಿನಲ್ಲಿ ನಾಲ್ಕು ಜಿಲೇಬಿ ಮರಿ ಬಂದರೂ ಸಾಕು, ಹೊಂಡ ತುಂಬಿಬಿಡುತ್ತವೆ. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬರುತ್ತವೆ. ಹಾಕಿದ ತೌಡು, ಹಿಂಡಿ ಎಲ್ಲ ಅವಕ್ಕೇ. ಸಣ್ಣ ಕಣ್ಣಿನ ಬಲೆ ಎಳೆಸಿದೆ, ಕೂಲಿಯೇ 10,000 ದಾಟಿತು. ಹೊಂಡ ಬರಿದು ಮಾಡಿ ಬ್ಲೀಚಿಂಗ್ ಪೌಡರ್ ಹಾಕಿದೆ. ಡೀಸೆಲ್ ಸೇರಿ ಸುಮಾರು 25,000 ಹೋಯಿತು. ಮುಂದಿನ ಮಳೆಗಾಲಕ್ಕೆ ಮತ್ತೆ ಅಷ್ಟೇ ಮರಿ.

"ಕಾಕಾ, ಸುಮ್ನ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ, ಮಾಂಗೂರ್ ಬಿಡ್ರಿ" ಅಂದ ನಮ್ಮ ಇಂಡಿ ಕಡೆಯ ಬಲೆ ಹುಡುಗ. ಆಫ್ರಿಕಾದ ಆ ಮೀನಿನ ಸಾಕಣೆಗೆ 2000ದಲ್ಲೇ ನಿಷೇಧ ಬಂದಿದೆ. ಕಾನೂನು ಬಿಡಿ. ನನ್ನ ಹೊಂಡ ಕೋಡಿ ಬಿದ್ದರೆ ನೀರಿನ ಜೊತೆ ಮಾಂಗೂರ್ ಸೇರುವುದೂ ಭೀಮಾ ನದಿಗೆ. ಅದೇ ಭೀಮೆ ಕರ್ನಾಟಕದ ಅಫಜಲಪುರದಲ್ಲೂ ಹರಿಯುತ್ತಾಳೆ, ನಮ್ಮವರು ಅಲ್ಲಿ ಬಲೆ ಬೀಸುತ್ತಾರೆ. 1952ರಲ್ಲಿ ದೇಶಕ್ಕೆ ತಂದ ಜಿಲೇಬಿಯೇ ಉಜನಿ ತುಂಬಿದೆ, ಇನ್ನೊಂದು ಬಂದರೆ ಏನಂತೆ ಅನ್ನುವವರಿದ್ದಾರೆ. ಆದರೆ ಮಾಂಗೂರ್ ನದಿ ಸೇರಿದ ಮೇಲೆ ನದಿಯನ್ನು ಬರಿದು ಮಾಡಿ ಬ್ಲೀಚಿಂಗ್ ಹಾಕಲು ಆಗುತ್ತಾ? ರೋಹು, ಕಟ್ಲಾ ಕೂಡ ಗಂಗೆ ಕಡೆಯವೇ ಅಲ್ವಾ ಅಂತಲೂ ಕೇಳುತ್ತಾರೆ. ಹೌದು. ಆದರೆ ಅವು ಹೊಂಡದಲ್ಲಿ ಮರಿ ಮಾಡುವುದಿಲ್ಲ, ಬೇರೆ ಮೀನು ಬೇಟೆಯಾಡುವುದೂ ಇಲ್ಲ.

ಕೊರಮೀನು ಇಲ್ಲಿಯದೇ. ಆದರೂ ಸುಲಭಕ್ಕೆ ಕೈಗೆ ಬರಲಿಲ್ಲ. ಮೊದಲ ಸಲ ಮರಿ ಮಾರಿದವರು ಸಣ್ಣದು ದೊಡ್ಡದು ಬೆರೆಸಿ ಕಳಿಸಿದ್ದರು. ದೊಡ್ಡವು ಸಣ್ಣವನ್ನೇ ತಿಂದವು. ಸಾಗಣೆ ಸೇರಿ ಏಳೆಂಟು ಸಾವಿರ ನೀರುಪಾಲು. ಈಗ ನಾಲ್ಕೈದು ಇಂಚಿನ, ಒಂದೇ ಅಳತೆಯ ಮರಿ ನಾನೇ ಆರಿಸಿ ತರುತ್ತೇನೆ. ಇಪ್ಪತ್ತು ಜಿಲೇಬಿಗೆ ಒಂದರ ಲೆಕ್ಕ. ರೋಹು, ಕಟ್ಲಾ ಗೇಣುದ್ದ ಆಗಿರಬೇಕು, ಇಲ್ಲದಿದ್ದರೆ ಅವೂ ಹೊಟ್ಟೆಗೆ. ಮಳೆ ಬಂದ ರಾತ್ರಿ ಕೊರಮೀನು ಬದು ಹತ್ತಿ ಹೊರಟುಬಿಡುತ್ತವೆ, ಸುತ್ತ ಸೊಂಟದೆತ್ತರ ಬಲೆ ಕಟ್ಟಲೇಬೇಕು. ಮೊದಲ ವಾರ ಏನು ತಿನ್ನಿಸುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕೈಸುಟ್ಟುಕೊಂಡು ಕಲಿತದ್ದು.

ಹುಳು ಬಿದ್ದು ಕೊರಮೀನಿಗೆ ಮೇವಾಗಲಿ ಅಂತ ನೀರಿನ ಮೇಲೆ ಬಲ್ಬ್ ತೂಗುಹಾಕಿಯೂ ನೋಡಿದೆ. ಹುಳು ಚೆನ್ನಾಗಿ ಬಿದ್ದವು. ಕೊರಮೀನು ಅಲ್ಲೇ ಠಿಕಾಣಿ ಹೂಡಿ ಜಿಲೇಬಿ ಮರಿಯ ಗೊಡವೆ ಬಿಟ್ಟವು. ಬಲ್ಬ್ ತೆಗೆದೆ.

ಈ ಸಲ ಕೊರಮೀನಿನಿಂದಲೇ 40,000ದ ಹತ್ತಿರ ಬಂತು, ಕಿಲೋಗೆ 350ರಂತೆ. ಭಿಗವಣದಲ್ಲಿ ಇಷ್ಟು ಯಾರೂ ತೆಗೆದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಜಿಲೇಬಿ ಪೂರ್ತಿ ಹೋಗಿಲ್ಲ. ಹಾಗಾಗಿ ಕೋಡಿಗೆ ಎರಡು ಪದರ ಜಾಲರಿ ಹಾಕಿದ್ದೇನೆ, ಪಕ್ಕದ ಹೊಂಡದವರಿಗೂ ಹಾಕಿಸುತ್ತಿದ್ದೇನೆ.