ನಿಮ್ಮ ಮನೆಗೆ ಬರುವ ಪೇಪರ್ ಯಾರದು? ಒಂದು ವಾರ ಕೂತು ಹೀಗೆ ಪತ್ತೆ ಮಾಡಿ

ಕಲಬುರಗಿಯ ಸ್ಟೇಷನ್ ಕಡೆ ನಾನು ದಿನಾ ಚಾ ಕುಡಿಯುವ ಅಂಗಡಿಗೆ ಒಂದೇ ಪೇಪರ್ ಬರುತ್ತದೆ. ಏಳು ಗಂಟೆಯೊಳಗೆ ಅದು ನಾಲ್ಕು ತುಂಡಾಗಿರುತ್ತದೆ. ಆಟದ ಪುಟ ಕಾಲೇಜು ಹುಡುಗನ ಕೈಯಲ್ಲಿ, ಜಿಲ್ಲಾ ಪುಟ ಆಟೋದವರ ಕೈಯಲ್ಲಿ, ಮುಖಪುಟ ಮಾತ್ರ ಯಾವಾಗಲೂ ಒಬ್ಬ ಕಾಕಾನ ಹತ್ತಿರ. ಕಾಕಾ ಗಟ್ಟಿಯಾಗಿ ಓದುತ್ತಾರೆ. ಓದು ಬಾರದವರು, ಚಷ್ಮಾ ಮರೆತು ಬಂದವರು ಸುತ್ತ ಕೂತು ಕೇಳುತ್ತಾರೆ. ತಮಗೆ ಸೇರದ ಸುದ್ದಿ ಬಂತೋ, "ಇದ್ ಬಿಡ್ರಿ, ಸುಮ್ನೆ ಬರದಾರ" ಎಂದು ಕೆಳಗಿನ ಸುದ್ದಿಗೆ ಹೋಗುತ್ತಾರೆ. ಕೇಳುವವರ ಪಾಲಿಗೆ ಆ ಸುದ್ದಿ ಅಲ್ಲಿಗೆ ಮುಗಿಯಿತು.

ಆದರೆ ಕಾಕಾನ ಕೈಗೆ ಬರುವ ಮೊದಲೇ ಬೇರೆ ಯಾರೋ ಒಂದಷ್ಟು ಸುದ್ದಿ ಆರಿಸಿ ಒಂದಷ್ಟು ಬಿಟ್ಟಿರುತ್ತಾರೆ ಅಲ್ವಾ? ಅವರು ಯಾರು, ಅವರ ಹಿಂದೆ ದುಡ್ಡು ಹಾಕಿದವರು ಯಾರು? ನಾನು ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಹೇಳುತ್ತೇನೆ, ಪ್ರತಿ ವರ್ಷ ಅವರಿಂದ ಈ ಕೆಲಸ ಮಾಡಿಸುತ್ತೇನೆ. ನೀವೂ ಮಾಡಬಹುದು. ಬೇಕಾಗುವುದು ಇಷ್ಟೇ: ಎರಡು ಬೇರೆ ಬೇರೆ ದಿನಪತ್ರಿಕೆ, ಒಂದು ನೋಟ್‌ಬುಕ್, ಮೂರು ಬಣ್ಣದ ಸ್ಕೆಚ್ ಪೆನ್ನು, ಒಂದು ವಾರ.

ಮೊದಲು ಕೊನೆಯ ಪುಟದ ಅಡಿ ನೋಡಿ

ಅಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರ ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಎಲ್ಲಿ ಅಚ್ಚಾಯಿತು, ಯಾರ ಪರವಾಗಿ. ಈ ವಿವರ ಹಾಕಬೇಕೆಂಬ ನಿಯಮ 1867ರ ಕಾಯ್ದೆಯಷ್ಟು ಹಳೆಯದು. ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಕಂಪನಿಯ ಹೆಸರು ಬರೆದುಕೊಳ್ಳಿ.

ಹೆಸರಷ್ಟೇ ಸಿಕ್ಕರೆ ಏನೂ ತಿಳಿಯುವುದಿಲ್ಲ, ನಿಜ. ಆಗ ಗ್ರಂಥಾಲಯಕ್ಕೆ ಹೋಗಿ ಹಳೆಯ ಮಾರ್ಚ್ ತಿಂಗಳ ಮೊದಲ ಸಂಚಿಕೆಗಳನ್ನು ಕೇಳಿ. 1956ರ ನಿಯಮದ ಪ್ರಕಾರ ಪತ್ರಿಕೆಗಳು ವರ್ಷಕ್ಕೊಮ್ಮೆ ತಮ್ಮ ಮಾಲೀಕತ್ವದ ವಿವರವನ್ನು 'ನಮೂನೆ 4' ಎಂಬ ಪಟ್ಟಿಯಲ್ಲಿ ಅಚ್ಚು ಹಾಕಬೇಕಿತ್ತು. ಶೇ 1ಕ್ಕಿಂತ ಹೆಚ್ಚು ಬಂಡವಾಳ ಇರುವವರ ಹೆಸರೂ ಅದರಲ್ಲಿ ಬರಬೇಕಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಹಳೆಯ ಫೈಲಿನ ಧೂಳು ಕೊಡವಿ ಇದನ್ನು ಹುಡುಕಿ ತಂದಾಗ ಇಡೀ ಕ್ಲಾಸು ಆ ಪುಟದ ಮೇಲೆ ಬಗ್ಗಿತ್ತು. ಷೇರುಪೇಟೆಯಲ್ಲಿರುವ ಕಂಪನಿ ಆದರೆ ಇನ್ನೂ ಸುಲಭ, ಯಾರ ಬಳಿ ಎಷ್ಟು ಷೇರು ಎಂಬುದನ್ನು ಅವರು ಮೂರು ತಿಂಗಳಿಗೊಮ್ಮೆ ಪ್ರಕಟಿಸಲೇಬೇಕು.

ಆಮೇಲೆ, ಅವರಿಗೆ ಇನ್ನೇನೇನಿದೆ ಎಂದು ಬರೆಯಿರಿ

ಪತ್ರಿಕೆ ಒಂದೇ ನಂಬಿ ಬದುಕುವ ಮಾಲೀಕರು ಕಡಿಮೆ. ನಮ್ಮ ಊರಿನ ರಸ್ತೆಯಲ್ಲಿ ದಿನಾ ಕಾಣುವ ವಿಆರ್‌ಎಲ್ ಲಾರಿಗಳನ್ನೇ ನೋಡಿ. ಆ ಸಾರಿಗೆ ಉದ್ಯಮದ ವಿಜಯ ಸಂಕೇಶ್ವರ ಅವರು 1999ರಲ್ಲಿ 'ವಿಜಯ ಕರ್ನಾಟಕ' ಶುರು ಮಾಡಿದರು. 2006ರಲ್ಲಿ ಅದು ಟೈಮ್ಸ್ ಬಳಗಕ್ಕೆ ಹೋಯಿತು. 2012ರಲ್ಲಿ ಸಂಕೇಶ್ವರ ಅವರದೇ ಬಳಗದಿಂದ 'ವಿಜಯವಾಣಿ' ಬಂತು. 'ಸಂಯುಕ್ತ ಕರ್ನಾಟಕ' ಒಂದು ಟ್ರಸ್ಟಿನದು. ಹೀಗೆ ಒಂದೊಂದರ ಬೇರು ಒಂದೊಂದು ಕಡೆ.

ಟಿವಿಯ ಕತೆ ಇನ್ನೂ ದೊಡ್ಡದು. ಸಂಜೆ ಒಂದು ಧಾರಾವಾಹಿ ಬೇಜಾರಾಗಿ ರಿಮೋಟ್ ಒತ್ತಿ ಕಲರ್ಸ್ ಕನ್ನಡದಿಂದ ಸ್ಟಾರ್ ಸುವರ್ಣಕ್ಕೆ ಹೋಗುತ್ತೀರಿ. ಚಾನೆಲ್ ಬದಲಾಯಿತು, ಕಂಪನಿ ಬದಲಾಗಲಿಲ್ಲ! ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಟಿವಿ ವ್ಯವಹಾರವನ್ನು ಸೇರಿಸಿದ ಮೇಲೆ, ಅಂದರೆ 2024ರ ನವೆಂಬರ್‌ನಿಂದ, ಎರಡೂ ಜಿಯೋಸ್ಟಾರ್ ಕೈಯಲ್ಲಿವೆ. ಒಬ್ಬರೇ ಪೇಪರನ್ನೂ ಟಿವಿಯನ್ನೂ ಇಟ್ಟುಕೊಳ್ಳಬಾರದು ಎಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಇದಕ್ಕೊಂದು ಮಿತಿ ಹಾಕಿ ಎಂದು ದೂರಸಂಪರ್ಕ, ಟಿವಿ ಪ್ರಸಾರದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ 2014ರ ಆಗಸ್ಟ್‌ನಲ್ಲೇ ಶಿಫಾರಸು ಮಾಡಿತ್ತು. ಇಷ್ಟು ವರ್ಷ ಅದು ಹಾಗೇ ಕೂತಿರುವುದು ನನಗೆ ತುಂಬಾ ಬೇಸರದ ವಿಷಯ.

ಈಗ ಬಣ್ಣ ಹಚ್ಚಿ

ಜಾಹೀರಾತಿಗೆ ಹಳದಿ. ಪ್ರೆಸ್‌ನೋಟ್ ಸುದ್ದಿಗೆ, ಅಂದರೆ ಸಂಬಂಧಪಟ್ಟವರೇ ಬರೆದು ಕಳಿಸಿದ್ದಕ್ಕೆ, ಹಸಿರು: ಎರಡೂ ಪೇಪರಿನಲ್ಲಿ ಅದೇ ವಾಕ್ಯ, ಅದೇ ಫೋಟೊ, ಅತಿಥಿಗಳ ಹೆಸರು ಅದೇ ಸಾಲಿನಲ್ಲಿ ಇದ್ದರೆ ಅದು ಪ್ರೆಸ್‌ನೋಟ್. ವರದಿಗಾರರು ಕಾಲಲ್ಲಿ ನಡೆದು ತಂದ ಸುದ್ದಿಗೆ ಕೆಂಪು. ವಾರದ ಕೊನೆಗೆ ಪುಟಗಳನ್ನು ನೆಲದ ಮೇಲೆ ಹಾಸಿ ನಿಂತು ನೋಡಿ. ಹಬ್ಬದ ವಾರ ಆದರೆ ಹಳದಿ ನೋಡಿ ಗಾಬರಿ ಆಗುತ್ತದೆ. ನಾವು ಕೊಡುವ ಪೇಪರಿನ ಬೆಲೆಯಲ್ಲಿ ಅದರ ಖರ್ಚು ಹುಟ್ಟುವುದಿಲ್ಲ, ಉಳಿದದ್ದನ್ನು ತುಂಬುವವರು ಜಾಹೀರಾತುದಾರರು, ಅವರಲ್ಲಿ ಸರ್ಕಾರವೂ ಒಂದು. ಚುನಾವಣೆ ಹೊತ್ತಿನಲ್ಲಿ ಒಬ್ಬನೇ ಅಭ್ಯರ್ಥಿಯನ್ನು ಹೊಗಳುವ, ವರದಿಗಾರರ ಹೆಸರಿಲ್ಲದ ಉದ್ದ ಸುದ್ದಿ ಕಂಡರೆ ಗುರುತು ಮಾಡಿಕೊಳ್ಳಿ. ಕಾಸಿಗಾಗಿ ಸುದ್ದಿ ಎಂಬ ಅನುಮಾನ ಬಂದರೆ ದೂರು ಕೊಡಲು ಪ್ರತಿ ಜಿಲ್ಲೆಯಲ್ಲೂ ಚುನಾವಣಾ ಆಯೋಗದ ಮಾಧ್ಯಮ ನಿಗಾ ಸಮಿತಿ ಇರುತ್ತದೆ.

ಬಾರದ ಸುದ್ದಿಯನ್ನು ಹುಡುಕಿ

ಕಷ್ಟದ ಹೆಜ್ಜೆ ಇದು. ಇಲ್ಲದ್ದನ್ನು ಹುಡುಕುವುದು ಹೇಗೆ? ನಿಮ್ಮ ಓಣಿಯಲ್ಲಿ, ಹೊಲದಲ್ಲಿ ಈ ವಾರ ಜನ ಮಾತಾಡಿದ ಐದು ವಿಷಯ ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಪೇಪರ್ ಬಿಡಿಸಿ.

2022ರ ಕೊನೆಗೆ ನಮ್ಮ ಕಡೆ ತೊಗರಿಗೆ ನೆಟೆ ರೋಗ ಬಂತು. ಹಸಿರಾಗಿ ನಿಂತ ಗಿಡ ವಾರದಲ್ಲಿ ಬುಡದಿಂದ ಒಣಗಿ ಕಡ್ಡಿಯಾಯಿತು. ನಮ್ಮ ಅಣ್ಣ ಅದನ್ನು ಕಿತ್ತು ಬುಡ ಸೀಳಿ ತೋರಿಸಿದ, ಒಳಗೆ ಕಪ್ಪು ಗೆರೆ. ಕಲಬುರಗಿ ಆವೃತ್ತಿಯಲ್ಲಿ ದಿನಾ ಸುದ್ದಿ. ಸಂಜೆ ನಮ್ಮನೆ ಟಿವಿಯಲ್ಲಿ ಬೆಂಗಳೂರಿನ ಚಾನೆಲ್ ಹಾಕಿದರೆ ಅಲ್ಲಿನ ಟ್ರಾಫಿಕ್ಕು, ರಾಜಕಾರಣಿಗಳ ಜಗಳ. "ನಮ್ ತೊಗರಿ ಇವ್ರಿಗಿ ಕಾಣಂಗಿಲ್ಲೇನು?" ಎಂದು ಅವ್ವ ಕೇಳಿದಳು.

ಇದಕ್ಕೆ ಉತ್ತರ ಏನು ಎಂಬುದರಲ್ಲಿ ಸಮಾಜಶಾಸ್ತ್ರಜ್ಞರ ನಡುವೆಯೇ ಜಗಳ ಇದೆ. ಬಹುತ್ವವಾದಿಗಳು ಹೇಳುವುದು, ಓದುಗರಿಗೆ ಬೇಕಾದ್ದನ್ನು ಕೊಡದಿದ್ದರೆ ಯಾವ ಮಾಲೀಕನೂ ಉಳಿಯುವುದಿಲ್ಲ, ಜನರೇ ದೊರೆಗಳು. ಮಾರ್ಕ್ಸ್ ದಾರಿಯಲ್ಲಿ ಬಂದ ರಾಲ್ಫ್ ಮಿಲಿಬ್ಯಾಂಡ್ ಅಂಥವರ ಪ್ರಕಾರ, ದುಡ್ಡಿರುವ ವರ್ಗ ತನ್ನ ಹಿತಕ್ಕೆ ತಕ್ಕ ಮಾತನ್ನೇ ಹರಡುತ್ತದೆ. ಮುಸೊಲಿನಿಯ ಜೈಲಿನಲ್ಲಿ ಕೂತು ಬರೆದ ಇಟಲಿಯ ಚಿಂತಕ ಗ್ರಾಮ್ಶಿ ಇನ್ನೂ ಒಳಗೆ ಹೋಗುತ್ತಾರೆ: ಉಳ್ಳವರ ನೋಟವೇ ಎಲ್ಲರಿಗೂ 'ಇದ್ದದ್ದೇ ಹೀಗೆ' ಎನ್ನಿಸುವಷ್ಟು ಸಹಜ ಆಗಿಬಿಡುತ್ತದೆ. ನನಗೆ ಗ್ರಾಮ್ಶಿ ಮಾತು ಹೆಚ್ಚು ಸರಿ ಕಾಣುತ್ತದೆ. ತೊಗರಿ ಸುದ್ದಿ ಬೇಡ ಎಂದು ಯಾವ ಮಾಲೀಕರೂ ಫೋನ್ ಮಾಡಿರಲಾರರು. ಜಾಹೀರಾತು ಇರುವುದು ದೊಡ್ಡ ಊರಿನಲ್ಲಿ, ವರದಿಗಾರರೂ ಜಾಸ್ತಿ ಅಲ್ಲೇ, ಹಾಗಾಗಿ ಆ ಊರಿನ ಮಳೆ ರಾಜ್ಯದ ಸುದ್ದಿ ಆಗುತ್ತದೆ, ನಮ್ಮ ಬರ ಜಿಲ್ಲೆಯ ಸುದ್ದಿ ಆಗುತ್ತದೆ. ನಾವೂ ಅದನ್ನು ಒಪ್ಪಿಕೊಂಡು ಕೂತಿದ್ದೇವೆ.

ಇದರ ಪರಿಣಾಮ ಏನು? ಮೆಕ್‌ಕೂಂಬ್ಸ್ ಮತ್ತು ಶಾ ಎಂಬಿಬ್ಬರು ಸಂಶೋಧಕರು 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಯಾರಿಗೆ ಓಟು ಎಂದು ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತಾಡಿಸಿದರು. ಮಾಧ್ಯಮಗಳು ಯಾವುದನ್ನು ಹೆಚ್ಚು ಹೇಳಿದ್ದವೋ ಅವರಿಗೂ ಅದೇ ಮುಖ್ಯ ಎನ್ನಿಸಿತ್ತು.

ಕಲಬುರಗಿಯವರಿಗೆ ಒಂದು ಅನುಕೂಲ ಇದೆ. ಕನ್ನಡ, ಇಂಗ್ಲಿಷ್ ಪೇಪರಿನ ಜೊತೆಗೆ ಹೈದರಾಬಾದಿನ ಉರ್ದು ಪೇಪರೂ ಇಲ್ಲಿ ಸಿಗುತ್ತದೆ. ಉರ್ದು ಓದಲು ಬಾರದಿದ್ದರೆ ಪಕ್ಕದ ಮನೆಯ ಭಾಯಿಯನ್ನು ಕೇಳಿ. ನಮ್ಮ ಪೇಪರಿನಲ್ಲಿ ಇಲ್ಲದ್ದು ಅವರ ಮುಖಪುಟದಲ್ಲಿ ಇರುವುದನ್ನು, ನಮ್ಮಲ್ಲಿ ದೊಡ್ಡದಾದದ್ದು ಅಲ್ಲಿ ಸಿಂಗಲ್ ಕಾಲಂ ಆಗಿರುವುದನ್ನು ನಾನು ಎಷ್ಟೋ ಸಲ ಹೀಗೆ ಕಂಡಿದ್ದೇನೆ.

ಕೊನೆಗೆ, ನಿಮ್ಮ ಕಾಕಾ ಯಾರು?

ಮಾಲೀಕರು ಬಟನ್ ಒತ್ತಿದರೆ ಜನ ಕುಣಿಯುತ್ತಾರೆ ಎಂಬುದೂ ತಪ್ಪು. 1940ರ ಅಮೆರಿಕದ ಚುನಾವಣೆಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊದ ಒಂದು ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪೇಪರಿಗಿಂತ ತಮ್ಮ ನಂಬಿಕೆಯ ಮನುಷ್ಯನ ಮಾತು ಜನರ ಮೇಲೆ ಜಾಸ್ತಿ ಕೆಲಸ ಮಾಡಿತ್ತು. ನಮ್ಮ ಚಾ ಅಂಗಡಿಯ ಕಾಕಾ ಮಾಡುವುದೂ ಇದನ್ನೇ. ನಿಮ್ಮ ಕಾಕಾ ಮಾವ ಇರಬಹುದು, ವಾಟ್ಸಾಪ್ ಗ್ರೂಪಿನ ಅಡ್ಮಿನ್ ಇರಬಹುದು. ಆ ಹೆಸರು ಬರೆಯಿರಿ.

ಮುಂದಿನ ಸಾಲಿನಲ್ಲಿ ನಿಮ್ಮ ಓದು ಎಂಥದು ಎಂದು ಬರೆಯಿರಿ. ಮಾಧ್ಯಮಗಳ ಬಗ್ಗೆ ಬರೆದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಮೂರು ಬಗೆ ಹೇಳಿದರು: ಹೇಳಿದ್ದನ್ನು ಹಾಗೇ ಒಪ್ಪುವುದು, ಅರ್ಧ ಒಪ್ಪಿ ಅರ್ಧ ತನ್ನ ಅನುಭವಕ್ಕೆ ತಿದ್ದಿಕೊಳ್ಳುವುದು, ಪೂರ್ತಿ ಎದುರು ನಿಲ್ಲುವುದು. ಟಿವಿ ಮುಂದೆ ಅವ್ವ ಕೇಳಿದ ಪ್ರಶ್ನೆ ಮೂರನೆಯದು.

ವಾರ ಮುಗಿದಾಗ ಬಾರದ ಸುದ್ದಿ ಒಂದಾದರೂ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಜಾಗ, ದಿನಾಂಕ, ಫೋಟೊ ಸಮೇತ ಸಂಪಾದಕರಿಗೆ ಬರೆದು ಕಳಿಸಿ, ನಕಲು ಇಟ್ಟುಕೊಳ್ಳಿ. ಬಂದ ಸುದ್ದಿಯೇ ಸುಳ್ಳಾಗಿದ್ದರೂ ಮೊದಲ ಪತ್ರ ಸಂಪಾದಕರಿಗೇ ಹೋಗಬೇಕು. ಅವರು ಸರಿಪಡಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಆದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಕೊಡಬೇಕು, ಅದಕ್ಕೇ ಆ ಪುಟವನ್ನು ರದ್ದಿಗೆ ಹಾಕಬೇಡಿ.